ನ್ಯಾಮತಿ ಇದೆ ಎಂಬುದಕ್ಕೆ ಆಧಾರ

ವಿಳಾಸ ತುಂಬಿಸುವ ಒಂದು ಮುಕ್ತ ತಂತ್ರಾಂಶದಲ್ಲಿ ನಮ್ಮ ನ್ಯಾಮತಿ ತಾಲ್ಲೂಕೇ ಇರಲಿಲ್ಲ. ಅದರ ಕೋಡನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದಂತೆ. ಏನಾಗುತ್ತದೋ ನೋಡೋಣವೆಂದು, ತಾಲ್ಲೂಕುಗಳ ಪಟ್ಟಿಯಲ್ಲಿ ಹೊನ್ನಾಳಿಯ ಕೆಳಗೆ ನ್ಯಾಮತಿಯ ಒಂದು ಸಾಲು ಸೇರಿಸಿ, ಸಕಲ ಗಾಂಭೀರ್ಯದಿಂದ ಕಳಿಸಿದೆ. ಪರಿಶೀಲಿಸುವವರು, ಯಾವ ದೇಶದವರೋ, ಕೇಳಿದರು: "ಈ ತಾಲ್ಲೂಕು ಇದೆ ಎಂಬುದಕ್ಕೆ ಆಧಾರ?" ಆಧಾರವಿಲ್ಲದೆ ಸಾಲು ಸೇರದು.

ಚಹಾ ಅಂಗಡಿಯ ಗೆಳೆಯನಿಗೆ ಹೇಳಿದೆ. "ನಾವೆಲ್ಲಾ ಇಲ್ಲೇ ಕುಂತೀವಲ್ರೀ, ಇನ್ನೇನು ಆಧಾರ ಬೇಕಂತೆ ಅವ್ರಿಗೆ?" ಎಂದು ಸಿಟ್ಟಾಗಿ, ತಾಲ್ಲೂಕು ಕಚೇರಿಯ ಫಲಕದ ಮುಂದೆ ಕೈಕಟ್ಟಿ ನಿಂತ. ಫೋಟೊ ತೆಗೆದು ಕಳಿಸಿದೆ.

ಮರುದಿನ ಸಾಲು ಸೇರಿತ್ತು. ಜೊತೆಗೊಂದು ವಿನಯದ ಪ್ರಶ್ನೆ: "ಚಿತ್ರದಲ್ಲಿರುವವರು ತಹಶೀಲ್ದಾರರೇ?"

ಗೆಳೆಯನಿಗೆ ಓದಿ ಹೇಳಿದೆ. ಕಾಲರ್ ಸರಿಮಾಡಿಕೊಂಡು, "ಅಲ್ಲ ಅಂತ ಬರಿಯಾಕೆ ಹೋಗಬ್ಯಾಡ್ರಿ, ಆಮೇಲೆ ತಾಲ್ಲೂಕನ್ನೇ ಕಿತ್ತಾಕಿಯಾರು" ಎಂದ.