ಮೈದಾನಕ್ಕೆಂದು ತೆಗೆದಿಟ್ಟ ಬೂದಿ

ನಮ್ಮ ಆಲ್ಡರ್ ಫಾಲ್ಸಿನಲ್ಲಿ ಒಲೆಯ ಬೂದಿಯನ್ನು ಯಾರೂ ಎಸೆಯುತ್ತಿರಲಿಲ್ಲ. ಮೊದಲ ಹಿಮ ಬಿದ್ದ ದಿನ ಸೌದೆ ಉರಿಸುವ ಪ್ರತಿ ಮನೆಯ ಜಗಲಿಗೂ ಒಂದು ತಗಡಿನ ಬಕೆಟ್ಟು ಬಂದು ಕೂರುತ್ತಿತ್ತು. ಶನಿವಾರ ಬೆಳಿಗ್ಗೆ ಅಗ್ನೆಸ್ ಕೊಚೆವಾರ್ ಜಾರುಬಂಡಿ ಎಳೆದುಕೊಂಡು ಬೀದಿ ಬೀದಿ ತಿರುಗಿ, ಬೂದಿಯನ್ನೆಲ್ಲ ಒಟ್ಟುಮಾಡಿ, ಬೇಸ್‌ಬಾಲ್ ಮೈದಾನದ ಅಂಚಿನಲ್ಲಿದ್ದ ಮರದ ಕೊಟ್ಟಿಗೆಯಲ್ಲಿ ಸುರಿಯುತ್ತಿದ್ದಳು. ಮಾರ್ಚಿ ತಿಂಗಳಲ್ಲಿ ಬಿಸಿಲಿಗೆ ಸ್ವಲ್ಪ ಕಸುವು ಬಂದಾಗ ಆ ಬೂದಿಯನ್ನು ಜರಡಿ ಹಿಡಿದು ಮೈದಾನದ ಹಿಮದ ಮೇಲೆ ಉದುರಿಸುವುದು. ಬಿಳಿಯ ಹಿಮ ಬಿಸಿಲನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಕಪ್ಪಾದ ಹಿಮ ಅದನ್ನು ಕುಡಿಯುತ್ತದೆ. ಮಿನೆಸೋಟದ ಆ ಉತ್ತರದ ಮೂಲೆಯಲ್ಲಿ ಉಳಿದ ಊರುಗಳ ಮೈದಾನಗಳೆಲ್ಲ ಇನ್ನೂ ಹೊದ್ದು ಮಲಗಿರುವಾಗಲೇ ನಮ್ಮದು ಕಣ್ಣು ಬಿಡುತ್ತಿತ್ತು.

ಬೂದಿ ಇಲ್ಲದ ಮನೆಯವರು ಬಕೆಟ್ಟನ್ನು ಕವುಚಿ ಇಡಬೇಕು. ಇಲ್ಲಿ ನಿಲ್ಲಬೇಡ, ಮುಂದೆ ಹೋಗು ಎಂದು ಅದು ಅಗ್ನೆಸಳಿಗೆ ಹೇಳುವ ಮಾತು.

ಈ ಪದ್ಧತಿಯನ್ನು ಶುರುಮಾಡಿದವನು ಆಕೆಯ ಅಪ್ಪ ಇವಾನ್. ಕಬ್ಬಿಣದ ಗಣಿಯಲ್ಲಿ ದುಡಿಯಲು ಸ್ಲೊವೇನಿಯದಿಂದ ಹಡಗು ಹತ್ತಿ ಬಂದವನು. ಬಂದಾಗ ಅವನಿಗೆ ಇಲ್ಲಿಯ ಭಾಷೆಯೂ ಗೊತ್ತಿರಲಿಲ್ಲ, ಈ ಆಟವೂ ಗೊತ್ತಿರಲಿಲ್ಲ. ಆಟ ಮೊದಲು ಬಂತು ಎನ್ನುತ್ತಾರೆ. ಅವನ ಎದೆ ಗಣಿಯ ದೂಳಿನಿಂದ ಕಟ್ಟಿಕೊಂಡಾಗ ಜಾರುಬಂಡಿಯ ಹಗ್ಗ ಮಗಳ ಕೈಗೆ ಬಂತು. ಅಗ್ನೆಸ್ ಶಾಲೆಯ ಅಡುಗೆಮನೆಯಲ್ಲಿ ಕೆಲಸಮಾಡುತ್ತಿದ್ದಳು. ಎತ್ತರದ, ಅಗಲ ಭುಜದ ಹೆಂಗಸು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಭಾನುವಾರ ಬಿಡುವಿಲ್ಲ" ಎನ್ನುತ್ತಿದ್ದಳು. ಭಾನುವಾರ ನಮ್ಮ ಆಟದ ದಿನ.

ಹಿಮಗಾಲದಲ್ಲಿ ಆಕೆಗೆ ಬೇರೆ ಬದುಕೇ ಇರಲಿಲ್ಲ ಎನ್ನಲಾರೆ. ಆದರೆ ಮಾಡಿದ್ದೆಲ್ಲವೂ ಬೇಸಿಗೆಯ ಕಡೆ ಮುಖಮಾಡಿಕೊಂಡಿರುತ್ತಿತ್ತು. ಹೊಲಿಗೆ ಬಿಟ್ಟ ಚೆಂಡುಗಳನ್ನು ಮಡಿಲಿಗೆ ಹಾಕಿಕೊಂಡು ಮೇಣ ತೀಡಿದ ಕೆಂಪು ದಾರದಿಂದ ಮತ್ತೆ ಹೊಲಿಯುವಳು. ಆಟಗಾರರ ಚರ್ಮದ ಕೈಗವಸುಗಳಿಗೆ ಎಣ್ಣೆ ಸವರಿ ಶಾಲೆಯ ಒಲೆಯ ಮಗ್ಗುಲಲ್ಲಿ ಸಾಲಾಗಿ ಇಡುವಳು. ಆ ದಿನಗಳಲ್ಲಿ ಮಕ್ಕಳ ಸಾರಿನಲ್ಲೂ ಚರ್ಮದ ವಾಸನೆ ಬರುತ್ತಿತ್ತಂತೆ. ಕಿಟಕಿಯ ಹೊರಗೆ ಹಿಮ ಸುರಿಯುತ್ತಲೇ ಇರುತ್ತಿತ್ತು, ಯಾರೋ ಮೇಲೆ ಕೂತು ನಿಲ್ಲಿಸುವುದನ್ನೇ ಮರೆತ ಹಾಗೆ.

ಸಂಜೆ ಎಲ್ಲರೂ ಸೇರುತ್ತಿದ್ದದ್ದು ನನ್ನ ಅಂಗಡಿಯಲ್ಲಿ. ನಾನು ಲೆನ್ ಹಾರ್ಯು, ಮೊಳೆ, ಕೊಳವೆ, ಕೊಡಲಿ ಮಾರುವವನು. ಊರಿನ ತಂಡದ ನಾಯಕನೂ ಹೌದು, ಬೇರೆ ಯಾರೂ ಒಪ್ಪದ ಕಾರಣಕ್ಕೆ. ಅಂಗಡಿಯ ನಡುವೆ ದೊಡ್ಡ ಒಲೆಯಿತ್ತು. ಅದರ ಸುತ್ತ ಕೂತು ಹೋದ ವರ್ಷದ ಆಟಗಳನ್ನು ಇನ್ನೊಮ್ಮೆ ಆಡುವುದು, ಸೋತವನ್ನು ಗೆಲ್ಲುವುದು ನಮ್ಮ ಚಳಿಗಾಲ.

ಗಣಿ ಮುಚ್ಚಿದ ವರ್ಷದ ಚಳಿಗಾಲವೂ ಹಾಗೆಯೇ ಶುರುವಾಯಿತು.

ಶರತ್ಕಾಲದ ಕೊನೆಗೆ ಗಣಿಯ ಸಿಳ್ಳೆ ನಿಂತಿತು. ಒಳ್ಳೆಯ ವರ್ಷಗಳಲ್ಲಿ ಊರಿನವರು ಸೌದೆ ಒಲೆ ಕಿತ್ತು ಮನೆ ಬೆಚ್ಚಗಿಡುವ ಎಣ್ಣೆಯ ಒಲೆ ಹಾಕಿಸಿಕೊಂಡಿದ್ದರು. ಅಗ್ನೆಸಳ ಬಕೆಟ್ಟುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿದ್ದವು. "ಎಣ್ಣೆ ಸುಡೋರಿಗೆ ಆಟದ ದಿನ ಮೊದಲ ಸಾಲಿನ ಬೆಂಚಿಲ್ಲ" ಎಂದು ಆಕೆ ಬೈಯುತ್ತಿದ್ದಳು. ಈಗ ಕೆಲಸ ಹೋದವರೆಲ್ಲ ಅಟ್ಟದಿಂದ ಹಳೆಯ ಒಲೆಗಳನ್ನು ಇಳಿಸಿದರು. ನನ್ನಲ್ಲಿ ಹೊಗೆಕೊಳವೆಗಳು ಖಾಲಿಯಾದವು. ಜಗಲಿ ಜಗಲಿಯ ಮೇಲೆ ಬಕೆಟ್ಟುಗಳು ಎದ್ದು ನಿಂತವು.

ಡಿಸೆಂಬರಿನ ಒಂದು ಶನಿವಾರ ಅಗ್ನೆಸ್ ಅಂಗಡಿಗೆ ಬಂದಳು. ಹುಬ್ಬಿನ ಮೇಲೆಲ್ಲ ಬೂದಿ. ಮುಖ ಅರಳಿತ್ತು.

"ಲೆನ್, ಕೊಟ್ಟಿಗೆ ಅರ್ಧ ತುಂಬಿಹೋಯ್ತು ಕಣೋ. ಅಪ್ಪನ ಕಾಲದಲ್ಲೂ ಇಷ್ಟು ಕಂಡಿಲ್ಲ."

ಒಲೆಯ ಬಳಿ ಸ್ಟೀಪೆ ಮುದುಕ ಕೂತಿದ್ದ, ಗಣಿಯಿಂದ ನಿವೃತ್ತನಾದವನು. ಅವನು ತಲೆಯೆತ್ತದೆ ಹೇಳಿದ, "ಖುಷಿಪಡಬೇಡ ತಾಯಿ. ಊರು ಉರೀತಾ ಇದೆ ಅಂತ ಅರ್ಥ ಅದು."

"ನಿನ್ನ ಬಾಯಲ್ಲಿ ಒಂದು ಒಳ್ಳೆ ಮಾತು ಬರಲ್ವಾ?"

"ಬರುತ್ತೆ. ಹಲ್ಲು ಹಾಕ್ಕೊಂಡು ಬಂದಾಗ."

ಕ್ರಿಸ್ಮಸ್ ಮುಗಿಯುತ್ತಿದ್ದಂತೆ ಜನ ಹೊರಡತೊಡಗಿದರು. ಮೊದಲು ನಮ್ಮ ಎರಡನೆಯ ಬೇಸ್ ಕಾಯುವವನು, ಟೆಕ್ಸಾಸಿನ ಎಣ್ಣೆಬಾವಿಗಳಿಗೆ. ಆಮೇಲೆ ಹಿಂದೆ ಕೂತು ಚೆಂಡು ಹಿಡಿಯುವವನು, ಹೆಂಡತಿಯ ತವರಿನ ಕಡೆಗೆ. ಹೀಗೆ ಒಬ್ಬೊಬ್ಬರೇ. ಯಾರೂ ತಂಡಕ್ಕೆ ಬಂದು ಹೇಳಲಿಲ್ಲ. ಹೇಳುವುದು ಹೇಗೆಂದು ಗೊತ್ತಿರಲಿಲ್ಲ. ಶನಿವಾರ ಅಗ್ನೆಸ್ ಹೋದರೆ ಬಕೆಟ್ಟು ಕವುಚಿರುತ್ತಿತ್ತು, ಕಿಟಕಿಗೆ ಪರದೆ ಇರುತ್ತಿರಲಿಲ್ಲ. ಕೆಲವರು ಕವುಚಲೂ ಮರೆತಿದ್ದರು. ಅಂಥ ಬಕೆಟ್ಟಿನಲ್ಲಿ ಹಿಮ ತುಂಬಿಕೊಂಡಿರುತ್ತಿತ್ತು. ಅಗ್ನೆಸ್ ಅದನ್ನು ಕೊಡವಿ ಕವುಚಿ ಇಟ್ಟು ಮುಂದೆ ಹೋಗುತ್ತಿದ್ದಳು.

ಫೆಬ್ರವರಿಯಲ್ಲಿ ಲೆಕ್ಕ ಹಾಕಿದೆವು: ಎಂಟು ಮಂದಿ ಉಳಿದಿದ್ದೆವು. ಆಟಕ್ಕೆ ಒಂಬತ್ತು ಬೇಕು. ಏಪ್ರಿಲಿನಲ್ಲಿ ಸುತ್ತಲಿನ ಊರುಗಳ ತಂಡಗಳೆಲ್ಲ ಸೇರುವ ಸಭೆಯಲ್ಲಿ ಒಂಬತ್ತು ಹೆಸರು ಹೇಳದ ಊರಿಗೆ ಆ ವರ್ಷ ಆಟವಿಲ್ಲ. ಹಾಗೆ ಬಿಟ್ಟುಹೋದ ಊರು ಮತ್ತೆ ಹಿಂದಕ್ಕೆ ಬಂದದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಬಂಡೆಗಳ ಆಚೆ ಹಾಗೆ ಬಿಟ್ಟುಹೋದ ಎರಡು ಊರುಗಳಿದ್ದವು. ಅವುಗಳ ಮೈದಾನಗಳಲ್ಲಿ ಈಗ ಆಸ್ಪೆನ್ ಗಿಡಗಳು ಬೆಳೆದಿದ್ದವು.

"ಒಂಬತ್ತನೆಯವನು ನಾನೇ" ಎಂದ ಸ್ಟೀಪೆ. "ಬಲಗಡೆ ಮೂಲೇಲಿ ಒಂದು ಕುರ್ಚಿ ಹಾಕ್ಕೊಡಿ ಸಾಕು."

"ಚೆಂಡು ಬಂದ್ರೆ?" ಎಂದಳು ಅಗ್ನೆಸ್.

"ಬಂದ್ರೆ ಕುರ್ಚಿ ಸರಿಸ್ತೀನಿ."

ಎಲ್ಲರಿಗಿಂತ ಜೋರಾಗಿ ನಕ್ಕವನು ರೇಮೋ ಲಹ್ತಿ. ನಮ್ಮ ಚೆಂಡೆಸೆಯುವವನು. ಅವನ ಎಡಗೈ ಇರುವ ತನಕ ನಮ್ಮದು ತಂಡ. ಅದಿಲ್ಲದಿದ್ದರೆ ನಾವು ಭಾನುವಾರ ಹುಲ್ಲಿನ ಮೇಲೆ ನಿಂತಿರುವ ಕೆಲವು ಗಂಡಸರು. ಗಣಿಯಲ್ಲಿ ಲಾರಿ ಓಡಿಸುತ್ತಿದ್ದ. ಹೆಂಡತಿ, ಎರಡು ಸಣ್ಣ ಹೆಣ್ಣುಮಕ್ಕಳು. ಅವನ ಅಮ್ಮ ತೀರಿದ ಮೇಲೆ ಅವನನ್ನು ಶಾಲೆಯ ಅಡುಗೆಮನೆಯ ಹಿಂಬಾಗಿಲಲ್ಲಿ ಕೂರಿಸಿ ಉಣ್ಣಿಸಿದವಳು ಅಗ್ನೆಸ್. ಚೆಂಡು ಹಿಡಿಯಲು ಕಲಿಸಿದವಳೂ ಆಕೆಯೇ, ಆಲೂಗೆಡ್ಡೆ ಎಸೆದು.

"ನೀನು ಇರ್ತೀಯ ತಾನೆ ರೇಮೋ?" ಎಂದು ಆಕೆ ಅಂದು ಕೇಳಿದಳು, ಕೈಗವಸಿನ ದಾರ ಬಿಗಿಯುತ್ತ, ಅವನತ್ತ ನೋಡದೆ.

"ಎಲ್ಲಿ ಹೋಗ್ಲಿ ನಾನು? ನಿನ್ನ ಆಕ್ರೋಟಿನ ರೊಟ್ಟಿ ಬಿಟ್ಟು?"

"ರೊಟ್ಟಿ ಕಥೆ ಬೇಡ. ಇರ್ತೀಯಾ?"

"ಇರ್ತೀನಿ ಅಗ್ನೆಸ್."

ಒಂಬತ್ತನೆಯವನನ್ನು ಆಕೆಯೇ ಹುಡುಕಿದಳು. ಹೊಸ ಪಾದ್ರಿ ಗಟ್ಟಿಮುಟ್ಟಾಗಿದ್ದ. ಆದರೆ "ಭಾನುವಾರ ನನಗೂ ಒಂದು ಕೆಲಸ ಇದೆಯಮ್ಮ" ಎಂದ. ಕೊನೆಗೆ ಸಿಕ್ಕವನು ಶಾಲೆಯ ಸಂಗೀತದ ಮೇಷ್ಟ್ರು, ಸೋಡಾಗಾಜಿನ ಕನ್ನಡಕದವನು. ಅಂಗಡಿಯ ಅಟ್ಟದ ಕೆಳಗೆ ಅವನಿಗೆ ಚೆಂಡು ಎಸೆದು ನೋಡಿದೆವು. ಮೂರರಲ್ಲಿ ಒಂದನ್ನು ಹಿಡಿದ. ಅದೂ ಚೆಂಡೇ ಬಂದು ಅವನ ಕೈಯೊಳಗೆ ಕೂತದ್ದು.

"ಪರವಾಗಿಲ್ಲ, ಹೆದರಿ ಕಣ್ಣು ಮುಚ್ಚಲ್ಲ" ಎಂದಳು ಅಗ್ನೆಸ್.

"ಮುಚ್ಚಿದ್ರೂ ವ್ಯತ್ಯಾಸ ಆಗಲ್ಲ ಅವನಿಗೆ" ಎಂದ ಸ್ಟೀಪೆ.

ಹೀಗೆ ಒಂಬತ್ತಾಯಿತು. ಆ ಚಳಿಗಾಲದಲ್ಲಿ ಅಗ್ನೆಸ್ ಗುನುಗಿಕೊಂಡು ನಡೆದದ್ದನ್ನು ನಾನು ಕೇಳಿದ್ದು ಆ ವಾರ ಮಾತ್ರ.

ಮಾರ್ಚಿಯಲ್ಲಿ ಒಂದು ಬೆಳಿಗ್ಗೆ ಆಕಾಶ ನೀಲಿಯಾಗಿ ಬಿಗಿದು ನಿಂತಿತು. ಅಗ್ನೆಸ್ ಕೊಟ್ಟಿಗೆಯ ಬಾಗಿಲು ತೆರೆದಳು. ಉಳಿದಿದ್ದ ಊರೆಲ್ಲ ಬಂದಿತ್ತು. ಕೊಟ್ಟಿಗೆ ತುಂಬಿ ಹೊರಗೂ ಗುಡ್ಡೆಯಾಗಿತ್ತು. ಜರಡಿಗಳು ಕೈಯಿಂದ ಕೈಗೆ ಹೋದವು. ಆಕೆ ನಡುವೆ ನಿಂತು ಕೂಗುತ್ತಿದ್ದಳು, "ತೆಳ್ಳಗೆ, ತೆಳ್ಳಗೆ. ದಪ್ಪ ಹಾಕಿದ್ರೆ ಹಿಮಕ್ಕೆ ಕಂಬಳಿ ಹೊದಿಸಿದ ಹಾಗೆ. ಮೇಷ್ಟ್ರೇ, ಅದು ಹಿಟ್ಟಲ್ಲ, ನಾದಬೇಡಿ."

ಆ ವರ್ಷದ ಬೂದಿಯಲ್ಲಿ ಕಬ್ಬಿಣ ಬಹಳವಿತ್ತು. ಸೌದೆ ಮುಗಿದ ಮನೆಗಳಲ್ಲಿ ಬೇಲಿಯ ಹಲಗೆ, ಪೆಟ್ಟಿಗೆ, ಕೋಳಿಗೂಡು ಎಲ್ಲ ಒಲೆಗೆ ಹೋಗಿದ್ದವು. ಮೊಳೆಗಳು ಆಟಗಾರರ ಕಾಲಿಗೆ ಚುಚ್ಚಬಾರದೆಂದು ಅಗ್ನೆಸ್ ಪ್ರತಿಯೊಬ್ಬರ ಬಕೆಟ್ಟನ್ನೂ ತಾನೇ ಮೊದಲು ಜರಡಿಗೆ ಸುರಿದು ಆರಿಸುತ್ತಿದ್ದಳು.

ರೇಮೋ ತಡವಾಗಿ ಬಂದ, ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು. "ನಾನು ನಿಂತು ಚೆಂಡು ಎಸೆಯೋ ದಿಬ್ಬಕ್ಕೆ ನನ್ನ ಬೂದೀನೇ ಹಾಕು" ಎಂದ. ಆಕೆ ಜರಡಿ ಆಡಿಸಿದಳು. ಬೂದಿ ಇಳಿಯಿತು. ಮೇಲೆ ಉಳಿದವು ಮೊಳೆಗಳಲ್ಲ. ಕಪ್ಪಾದ ಉದ್ದನೆಯ ನಾಲ್ಕು ಬೋಲ್ಟುಗಳು, ಮಂಚದ ಕಾಲನ್ನು ಚೌಕಟ್ಟಿಗೆ ಕೂಡಿಸುವಂಥವು. ಜೊತೆಗೆ ಅದೇ ತರಹದ ಸಣ್ಣವು ಕೆಲವು, ಮಕ್ಕಳ ಮಂಚದವು. ಮೇಜಿನ ಖಾನೆಗಳ ಹಿಡಿಕೆಗಳು.

ಹಳೆಯ ಹಲಗೆ ಸುಡುವವನು ಚಳಿ ಕಳೆಯುವವನು. ಮಲಗುವ ಮಂಚವನ್ನೇ ಒಲೆಗೆ ಹಾಕಿದವನು, ಹೊರಡುವ ಗಾಡಿಯ ಮೇಲೆ ಹಿಡಿಸದ್ದನ್ನೆಲ್ಲ ಮುಗಿಸುತ್ತಿರುವವನು. ಪಕ್ಕದಲ್ಲಿ ನಿಂತಿದ್ದ ನನಗೆ ಅದು ಹೊಳೆಯುವ ಮೊದಲೇ ಅಗ್ನೆಸಳ ಕೈ ನಿಂತಿತ್ತು. ರೇಮೋ ಆ ಕೈಯನ್ನೇ ನೋಡುತ್ತಿದ್ದ.

"ಮಂಚ ಹಳೇದಾಗಿತ್ತು" ಎಂದ ಅವನು.

"ಹೌದು" ಎಂದಳು ಅಗ್ನೆಸ್. "ಹಳೇದೇ ಅದು. ನಿಮ್ಮ ಅಮ್ಮಂದು."

ಬೋಲ್ಟುಗಳನ್ನು ಒಂದೊಂದಾಗಿ ಎತ್ತಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಜರಡಿಯನ್ನು ಅವನ ಕೈಗೆ ಕೊಟ್ಟು, "ಹೋಗು, ತೆಳ್ಳಗೆ ಉದುರಿಸು" ಎಂದಳು.

ಅವನು ಎಸೆಯುವ ದಿಬ್ಬದ ಮೇಲೆ ಮಂಡಿಯೂರಿ, ಬೂದಿಯನ್ನು ಬೆರಳಿನಿಂದ ಸವರುತ್ತ ಬಹಳ ಹೊತ್ತು ಕೂತಿದ್ದ. ಎಲ್ಲರೂ ಹೋದ ಮೇಲೂ ಇದ್ದ. ಅಗ್ನೆಸ್ ಅವನನ್ನು ಕರೆಯಲಿಲ್ಲ, ಬೈಯಲಿಲ್ಲ, ಏನನ್ನೂ ಕೇಳಲಿಲ್ಲ. ಹೊರಡುವಾಗ ನಾನೇ ತಡೆಯಲಾರದೆ, "ಒಂದು ಮಾತು ಹೇಳಬಾರದಾ ಅವನಿಗೆ? ನೀನು ಹೇಳಿದ್ರೆ ಇರ್ತಾನೆ" ಎಂದೆ.

"ಇದ್ದು?" ಎಂದಳು ಆಕೆ. "ಬೇಸಿಗೇಲಿ ಭಾನುವಾರ ಚೆಂಡು ಎಸೀತಾನೆ. ಸೋಮವಾರ ಮಕ್ಕಳಿಗೆ ಏನು ಹಾಕ್ತಾನೆ ಲೆನ್? ಚೆಂಡು ಬೇಯಿಸ್ತಾನಾ?"

ಮುಂದಿನ ಶನಿವಾರ ಜಾರುಬಂಡಿಯ ಜೊತೆ ನಾನೂ ಹೋದೆ. ಲಹ್ತಿ ಮನೆಯ ಜಗಲಿಯ ಮೇಲೆ ಎರಡು ಬಕೆಟ್ಟುಗಳು ಅಕ್ಕಪಕ್ಕ ಕವುಚಿದ್ದವು. ತೊಳೆದು, ಒರೆಸಿ, ಹೊಸದರಂತೆ ಹೊಳೆಯುತ್ತಿದ್ದವು. ವ್ಯೋಮಿಂಗಿನ ಕಲ್ಲಿದ್ದಲ ಗಣಿಗೆ ಹೋದರು ಎಂದು ಪಕ್ಕದ ಮನೆಯವರು ಹೇಳಿದರು. ಅಗ್ನೆಸ್ ಬಕೆಟ್ಟಿನ ತಳದ ಮೇಲೆ ಅಂಗೈ ಇಟ್ಟಳು, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ. ಮತ್ತೆ ಹಗ್ಗ ಹಿಡಿದು ಮುಂದಿನ ಮನೆಗೆ ನಡೆದಳು.

ಆ ವರ್ಷ ನಮ್ಮ ಮೈದಾನ ಎಂದಿಗಿಂತ ಮೊದಲು ತೆರೆದುಕೊಂಡಿತು. ಅಷ್ಟು ಬೂದಿ ಅದರ ಜನ್ಮದಲ್ಲೇ ಬಿದ್ದಿರಲಿಲ್ಲ. ಸುತ್ತ ಎಲ್ಲವೂ ಬಿಳಿಯಾಗಿದ್ದಾಗ ನಡುವೆ ಅದೊಂದೇ ಕಪ್ಪಾಗಿ, ಒದ್ದೆಯಾಗಿ, ಆಮೇಲೆ ನಿಧಾನವಾಗಿ ಹಸಿರಾಗಿ ಮಲಗಿತ್ತು. ದಿಬ್ಬದ ಮಣ್ಣು ಎಲ್ಲಕ್ಕಿಂತ ಮೊದಲು ಒಣಗಿತು.

ಸಭೆಗೆ ಹೊರಡುವ ದಿನ ನಾನು ಮೈದಾನಕ್ಕೆ ಹೋದೆ. ಅಗ್ನೆಸ್ ಕಸಬಾರಿಗೆ ಹಿಡಿದು ಕೆಸರು ಎಳೆಯುತ್ತಿದ್ದಳು.

"ಸ್ಟೀಪೆ ಹೆಸರು ಬರೆಸಿಬಿಡಲಾ?" ಎಂದೆ. "ಒಂಬತ್ತಾಗುತ್ತೆ. ಯಾರು ಬಂದು ನೋಡ್ತಾರೆ?"

"ಎಸೆಯೋನು ಯಾರು?"

ನಾನು ದಿಬ್ಬದ ಕಡೆ ನೋಡಿದೆ.

"ಎಂಟು ಅಂತಲೇ ಹೇಳು" ಎಂದಳು. "ಇದ್ದವರು ಎಂಟು."

ಹೇಳಿ ಬಂದೆ. ಆ ಕಡೆಯವರು ಒಳ್ಳೆಯ ಮಾತನಾಡಿದರು, ನನ್ನ ಬೆನ್ನು ತಟ್ಟಿದರು, ಮುಂದಿನ ಊರಿನ ಹೆಸರು ಕರೆದರು. ಮೇ ತಿಂಗಳ ಮೊದಲ ಭಾನುವಾರ ಅಗ್ನೆಸ್ ಸುಣ್ಣದ ಗೆರೆಗಳನ್ನು ಎಳೆದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಸ್ಟೀಪೆ ಕುರ್ಚಿ ತಂದು ಬಲಗಡೆ ಮೂಲೆಯಲ್ಲಿ ಸ್ವಲ್ಪ ಹೊತ್ತು ಕೂತಿದ್ದ. ತಮಾಷೆಗೆ ಬಂದವನು, ಯಾರೂ ನಗದಿದ್ದಾಗ ಕುರ್ಚಿ ಮಡಚಿಕೊಂಡು ಹೋದ. ಜೂನಿನ ಮಳೆಗೆ ಗೆರೆಗಳು ಅಳಿದವು. ಆಕೆ ಮತ್ತೆ ಎಳೆಯಲಿಲ್ಲ.

ಅಕ್ಟೋಬರಿನ ಕೊನೆಗೆ ಮತ್ತೆ ಹಿಮ ಬಿತ್ತು. ಅದೇ ಸಂಜೆ ಅಗ್ನೆಸಳ ಮನೆಯ ಮುಂದೆ ಹಾದುಹೋದೆ. ದೀಪ ಉರಿಯುತ್ತಿತ್ತು, ಕೊಳವೆಯಿಂದ ಹೊಗೆ ಏಳುತ್ತಿತ್ತು. ಜಗಲಿಯ ಮೇಲೆ ಆಕೆಯ ಬಕೆಟ್ಟು ಕವುಚಿತ್ತು. ಬಾಗಿಲು ತಟ್ಟಿದೆ.

ಒಳಗೆ ಕಾಫಿ ಕೊಟ್ಟಳು. ಹೊಲಿಯಲು ಚೆಂಡುಗಳಿರಲಿಲ್ಲ, ಕೈಗಳು ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದವು. ಕಿಟಕಿಯ ಕಟ್ಟೆಯ ಮೇಲೆ ಒಂದು ಗಾಜಿನ ಬಟ್ಟಲಿನಲ್ಲಿ ಆ ಬೋಲ್ಟುಗಳಿದ್ದವು. ತುಕ್ಕು ಹಿಡಿಯದಂತೆ ಎಣ್ಣೆ ಸವರಿದ್ದಳು.

"ರೇಮೋನ ಹೆಂಡತಿ ಫೋನ್ ಮಾಡಿದ್ಲಂತೆ ಪಕ್ಕದ ಮನೆಗೆ" ಎಂದೆ. "ಕೆಲಸ ಪರವಾಗಿಲ್ಲವಂತೆ. ಅಲ್ಲಿ ಆಟ ಇಲ್ಲವಂತೆ."

ಅಗ್ನೆಸ್ ತಲೆಯಾಡಿಸಿದಳು. ಹೊರಗೆ ಹಿಮ ದಪ್ಪವಾಗುತ್ತಿತ್ತು. ಕಿಟಕಿಯ ಕಟ್ಟೆಯ ಮೇಲಿನ ಬಟ್ಟಲನ್ನು ನೋಡುತ್ತ ಕೇಳಿದಳು:

"ಹೊಸ ಮಂಚ ತಗೊಂಡ್ರಂತಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ.