ಖಾಲಿ ಓಂಕಾರೇಶ

ಬೀರೂರಿನ ಬಾಡಿಗೆ ಮನೆ ಬ್ರೋಕರ್ ಓಂಕಾರೇಶನ ಕಣ್ಣಿಗೆ ಬಿದ್ದ ಸಾಮಾನು ಉಳಿದದ್ದುಂಟೇ? ಮನೆ ಬಿಡಲಿರುವ ಬಾಡಿಗೆಯವರು ಇನ್ನೂ ಉಣ್ಣುತ್ತಿರುವಾಗಲೇ ಒಳಗೆ ನುಗ್ಗಿ ಫೋಟೋ ಹೊಡೆಯುತ್ತಾನೆ. ಮೊಬೈಲಿನ ಎಐಗೆ ಬೆರಳು ಸವರಿ ತೋರಿಸಿದರೆ ಸಾಕು, ಫೋಟೋದಿಂದ ಬೀರು ಮಾಯ, ಸೋಫಾ ಮಾಯ, ಈರುಳ್ಳಿ ಮೂಟೆ ಮಾಯ, ಗೂಡಿನಂಥ ಕೋಣೆ ಕಲ್ಯಾಣಮಂಟಪ! "ನೋಡ್ರೀ, ಎತ್ತಿನ ಗಾಡಿ ತಿರುಗಿಸ್ಬೋದು!" ಎಂಬುದು ಮನೆ ಹುಡುಕಿ ಬಂದವರ ಮುಂದೆ ಅವನ ಮಂತ್ರ. ಒಮ್ಮೆ ಮಂಚದ ಜೊತೆಗೆ ಅದರ ಮೇಲೆ ಕೂತಿದ್ದ ವಿಮಲಮ್ಮ ಎಂಬ ಅಜ್ಜಿಯೂ ಅಳಿಸಿಹೋದರು. ಫೋಟೋ ನೋಡಿದ ಅಜ್ಜಿ, "ಲೇ, ನಾನಿನ್ನೂ ಇದೀನಿ ಕಣೋ!" ಎಂದು ಕೋಲು ಹಿಡಿದು ಅಟ್ಟಿಸಿಕೊಂಡು ಬಂದರೆ, ಇವನು ಓಡುತ್ತಲೇ, "ಅಜ್ಜೀ, ರೂಮು ಎಷ್ಟು ದೊಡ್ಡದಾಯ್ತು ನೋಡು!" ಎಂದನಂತೆ. ಮದುವೆ ಊಟಕ್ಕೆ ನೂಕುನುಗ್ಗಲಿದ್ದರೆ ಅವನ ಬೆರಳು ಗಾಳಿಯಲ್ಲೇ ಜನರನ್ನು ಅಳಿಸುತ್ತಿರುತ್ತದೆ. ಇಂಥವನು, ಚಾಪೆಯೊಂದು ಬಿಟ್ಟರೆ ಏನೂ ಇಲ್ಲದ ತನ್ನ ಕೋಣೆಯ ಫೋಟೋವನ್ನು ತರೀಕೆರೆಯ ಅಕ್ಕ ಈಶ್ವರಮ್ಮನಿಗೆ ಕಳಿಸುವಾಗ ಮಾತ್ರ ಚಾಪೆ ಅಳಿಸಿ, ಸೋಫಾ, ಬೀರು, ಜೋಡಿ ಮಂಚ ಎಲ್ಲವನ್ನೂ ಕೂರಿಸುತ್ತಾನೆ. ಮೊನ್ನೆ ಅಕ್ಕ ಫೋನ್ ಮಾಡಿದಳು: "ಮನೆ ಚೆನ್ನಾಗೈತೆ ಕಣೋ. ನಾನು ಕೊಟ್ಟಿದ್ದ ಚಾಪೆ ಎಲ್ಲೋ? ನಾಳೆ ಗೂಡ್ಸ್ ಆಟೋದಲ್ಲಿ ನಮ್ಮನೆ ಮಂಚ ಕಳಿಸ್ತೀನಿ. ಅದನ್ನಾದ್ರೂ ಅಳಿಸ್ಬೇಡ."