ಹಲ್ಲಿದೆ, ಬಾಯಿಲ್ಲ

ಮದುವೆಗೂ ಮುಂಚಿನಿಂದ ಬಸ್ ನಿಲ್ದಾಣದಲ್ಲಿ ಹೊರಡುವ ಬಸ್ಸುಗಳ ಹೆಸರನ್ನು ಮೈಕಿನಲ್ಲಿ ಕೂಗುತ್ತಿದ್ದವಳನ್ನು ಎಲ್ಲರೂ ಮೈಕಮ್ಮ ಎಂದೇ ಕರೆಯುತ್ತಿದ್ದರು. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾದ ದನಿ. ಗಂಟಲಿನ ಗಡ್ಡೆ ತೆಗೆಸಿದ ಮೇಲೆ ಆ ದನಿ ಹೋಯಿತು. ಜೀವ ಉಳಿಯಿತಲ್ಲ ಎಂದು ಮನೆಮಂದಿ ನಿಟ್ಟುಸಿರು ಬಿಟ್ಟರು; ಅವಳು ಮಾತ್ರ ಬಾಯಿ ತೆರೆದು ತಾನೇ ಬೆಚ್ಚಿದಳು. ಒಳಗೆ ಯಾರೋ ಬಂಡೆ ಎಳೆದಂತೆ ಗರಗರ ಸದ್ದು. ಕೆಲಸಕ್ಕೆ ಮರಳಿ ಮೊದಲ ಬಸ್ಸಿನ ಹೆಸರು ಕೂಗಿದ್ದೇ ತಡ, ಬೆಂಚಿನ ಮೇಲಿದ್ದ ಮಗುವೊಂದು ಕಿಟಾರನೆ ಕಿರುಚಿತು.

ಮೇಲಧಿಕಾರಿ ಅವಳನ್ನು ಪ್ರಯಾಣಿಕರು ಮರೆತುಹೋದ ಸಾಮಾನುಗಳ ಕೋಣೆಗೆ ಹಾಕಿದ. "ಅಲ್ಲಿ ಮಾತಾಡೋ ಕೆಲಸಾನೇ ಇಲ್ಲಮ್ಮ, ಆರಾಮಾಗಿರು."

ಒಂಟಿ ಚಪ್ಪಲಿಗಳು, ಕೊಡೆಗಳು, ಡಬ್ಬಿಯೊಳಗೆ ಯಾರದೋ ಹಲ್ಲುಸೆಟ್ಟು. ಅವುಗಳ ನಡುವೆ ಅವಳೂ ಕುಳಿತಳು. ಮನೆಯಲ್ಲಿ ಗಂಡನ ಹತ್ತಿರವೂ ಕೈಸನ್ನೆಯಲ್ಲೇ ವ್ಯವಹಾರ.

ಅವಳ ಅಕ್ಕನ ಮಗಳು ಬೈಕ್ ರಿಪೇರಿಯವಳು. ಇಬ್ಬರು ಗೆಳೆಯರೊಂದಿಗೆ 'ಗೋರಿ ಗ್ಯಾಂಗ್' ಎಂಬ ರ‍್ಯಾಪ್ ತಂಡ ಕಟ್ಟಿದ್ದಳು. ದೆವ್ವ, ರಕ್ತ, ಮುಚ್ಚಿದ ಬಾವಿ, ಇವೇ ಅವರ ಹಾಡು. ನಿಧಾನದ ಬೀಟು, ಎದೆಯ ಮೇಲೆ ಕಾಲಿಟ್ಟಂಥ ಬೇಸ್, ನಡುನಡುವೆ ಗ್ಯಾರೇಜಿನ ಶಟರ್ ಕಿರುಗುಟ್ಟುವ ಸದ್ದು. ಎಲ್ಲ ಸರಿ, ಆದರೆ ಅವರು ಬಾಯಿ ಬಿಟ್ಟರೆ ಆ ಎಳಸು ದನಿಗೆ ಕೇಳಿದವರು ನಗುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಮೈಕಮ್ಮ ರಿಪೇರಿಗೆ ಕೊಟ್ಟಿದ್ದ ಸ್ಕೂಟರ್ ಒಯ್ಯಲು ಅವಳ ಗ್ಯಾರೇಜಿಗೆ ಹೋದಳು. ಒಳಗೆ ತಂಡದ ತಾಲೀಮು; ಆ ಗದ್ದಲದಲ್ಲಿ ಇವಳತ್ತ ತಿರುಗುವವರೇ ಇಲ್ಲ. ತಾಳ್ಮೆ ಕೆಟ್ಟು ಮೈಕು ಕಿತ್ತುಕೊಂಡಳು.

"ಸಾಕು ನಿಲ್ಸ್ರೋ! ನನ್ನ ಸ್ಕೂಟರ್ ಎಲ್ಲಿ?"

ಅಕ್ಕನ ಮಗಳು ಓಡಿಬಂದು ಬೀಟು ನಿಲ್ಲಿಸಿದಳು.

"ಚಿಕ್ಕಮ್ಮಾ, ಇನ್ನೊಂದ್ಸಲ ಹೇಳು."

"ತಮಾಷೆ ಮಾಡ್ತೀಯೇನೇ?"

"ತಮಾಷೆ ಅಲ್ಲ. ನಾವು ಇಷ್ಟು ದಿನ ಹುಡುಕ್ತಿದ್ದ ದೆವ್ವ ನಿನ್ನ ಗಂಟಲಲ್ಲೇ ಕೂತಿದೆ!"

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಆದರೆ ಅವರು ಕೊಟ್ಟ ಹಾಡು ಓದಿ ಮೂಗು ಮುರಿದಳು. "ಈ ರಕ್ತಗಿಕ್ತ ಯಾರಿಗೆ ಬೇಕು? ಯಾರಿಗೂ ಬೇಡವಾಗಿ ಬಿದ್ದಿರೋದಕ್ಕಿಂತ ಭಯ ಇನ್ನೇನಿದೆ? ನಾನೇ ಬರೀತೀನಿ."

ಊರಿನ ರ‍್ಯಾಪ್ ಸ್ಪರ್ಧೆಯ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ತಂಡದ ಉಳಿದವರು ದೆವ್ವದ ಮುಖವಾಡ ತೊಟ್ಟಿದ್ದರು. ಅವಳು ಕೆಲಸದ ಸಮವಸ್ತ್ರದಲ್ಲೇ ಬಂದಳು.

"ಅಜ್ಜೀ, ಮನೆಗೆ ಹೋಗು!" ಎಂದು ಹಿಂದಿನಿಂದ ಯಾರೋ ಕೂಗಿದ. ನಗೆಯ ಅಲೆ ಎದ್ದಿತು. ಅವಳು ಕಾದಳು. ಬೇಸ್ ನೆಲದೊಳಗಿಂದ ಎದ್ದಾಗ ಮೈಕನ್ನು ತುಟಿಗೆ ತಾಗಿಸಿದಳು.

"ಹಲ್ಲಿದೆ, ಬಾಯಿಲ್ಲ. ಕೊಡೆಯಿದೆ, ಕೈಯಿಲ್ಲ.
ಕಾದು ಕಾದು ಕೂತ್ವಿ, ಕರೆಯೋಕೆ ನೀನಿಲ್ಲ.
ಮರೆತು ಹೋದೆಯಲ್ಲ, ನಿನ್ನ ಮನೆ ನಾವು ಮರೆತಿಲ್ಲ.
ಬಾಗಿಲು ತೆಗಿ..."

ನಗೆ ಗಂಟಲಲ್ಲೇ ಇಂಗಿತು. ಕೂಗಿದವನು ಪಕ್ಕದವನ ತೋಳು ಹಿಡಿದುಕೊಂಡ. ಗರಗರ ದನಿ ಸಾಲಿನಿಂದ ಸಾಲಿಗೆ ಇಳಿಯಿತು, ಏರಿತು, ಕಡೆಗೆ ಒಂದೇ ಉಸಿರಾಗಿ ಆರಿತು. ಮರುಗಳಿಗೆ ಮಾಡು ಹಾರಿಹೋಗುವಂತೆ ಶಿಳ್ಳೆ, ಚಪ್ಪಾಳೆ. ಅವಳ ಗಂಡ ಕುರ್ಚಿಯ ಮೇಲೆ ಹತ್ತಿ, ಗುರುತಿಲ್ಲದವರಿಗೆಲ್ಲ "ನನ್ನ ಹೆಂಡ್ತಿ ಕಣ್ರೀ!" ಎಂದು ಕಿರುಚುತ್ತಿದ್ದ.

"ಇನ್ನೊಂದು! ಇನ್ನೊಂದು!"

ಮೈಕಮ್ಮ ಕೈ ಎತ್ತಿದಳು.

"ಇದೆ. ಆದ್ರೆ ಎದೆ ಗಟ್ಟಿ ಇಲ್ದೋರು ಈಗ್ಲೇ ಎದ್ದು ಹೋಗ್ಬಿಡಿ."

ಒಬ್ಬರೂ ಏಳಲಿಲ್ಲ.